ಮುಂಜಾನಿ ಏನ್ ತಿಂದಿ?

ಕೋಟನೂರಿನಲ್ಲಿ ನಾವು ಆಡುವ ಜಾಗದ ಅಂಚಿಗೆ ಒಂದು ತಗಡಿನ ಶೆಡ್ ಇದೆ. ಒಳಗೆ ಉದ್ದಕ್ಕೂ ಹಲಗೆ ಬಡಿದು, ಅಂಗಿ ತೂಗುಹಾಕಲು ಮೊಳೆ ಹೊಡೆದಿದ್ದೇವೆ. ಬಾಗಿಲಿಗೆ ಹತ್ತಿರದ ಮೊಳೆಗೆ ಮಾತ್ರ ಯಾರೂ ಏನನ್ನೂ ಹಾಕುವುದಿಲ್ಲ. ಮೊದಲ ದಿನದಿಂದಲೂ ಹಾಗೆಯೇ. ಆ ಮೊಳೆ ಹೊಡೆದವರು ಹೋದ ವರ್ಷ ತೊಗರಿ ಹೂ ಬಿಟ್ಟಿದ್ದಾಗ ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಅಕ್ಕ ಬೇಡ ಎಂದರು. ನಾವಂತೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಮೋಮಿನಪುರದಲ್ಲಿ ಅವರದೊಂದು ಸಣ್ಣ ಹೋಟೆಲ್ಲಿತ್ತು. ಅಲ್ಲಿಗೆ ಬರುವವರಿಗೆಲ್ಲ ಅವರು ಉಸ್ತಾದ, ನಮಗೂ ಉಸ್ತಾದ. ಹದಿನೆಂಟರ ಹುಡುಗನಾಗಿದ್ದಾಗ ಮನೆ ಬಿಟ್ಟು ಹೋಗಿ, ಮುಂಬೈಯಲ್ಲಿ ಅಡುಗೆ ಕಲಿತು, ಅಲ್ಲಿಂದ ಸ್ಕಾಟ್ಲೆಂಡಿನ ಒಂದು ಸಣ್ಣ ಊರಿನ ಹೋಟೆಲ್ಲಿಗೆ ಬಿರಿಯಾನಿ ಮಾಡಲು ಹೋದವರು. ರಗ್ಬಿ ಆಡಲು ಕಲಿತದ್ದು ಆ ಊರಿನ ಕ್ಲಬ್ಬಿನಲ್ಲಿ. ತಾಯಿ ಹಾಸಿಗೆ ಹಿಡಿದಾಗ ಎಲ್ಲ ಬಿಟ್ಟು ಬಂದರು. ಬರುವಾಗ ಅವರ ಚೀಲದಲ್ಲಿ ಇದ್ದದ್ದು ಎರಡು ಜೊತೆ ಬಟ್ಟೆ ಮತ್ತು ಗಾಳಿ ತೆಗೆದು ಮಡಚಿದ ಒಂದು ರಗ್ಬಿ ಚೆಂಡು.

ನೋಡಲು ಅವರು ಎತ್ತರದವರಲ್ಲ. ಕುತ್ತಿಗೆ ಎಂಬುದೇ ಇಲ್ಲವೇನೋ ಅನ್ನಿಸುವಂತೆ ತಲೆ ನೇರ ಹೆಗಲ ಮೇಲೆ ಕೂತಿತ್ತು. ಎಡಗಿವಿ ಮುದುರಿ ಗಂಟಾಗಿ ಹೋಗಿತ್ತು, ಕೆಂಡದ ಮೇಲೆ ಹೆಚ್ಚು ಹೊತ್ತು ಇಟ್ಟ ಹಪ್ಪಳದ ಹಾಗೆ. ಏನಾದರೂ ಯೋಚನೆ ಬಂದರೆ ಆ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮೈದಾನದ ಈ ಕೊನೆಯಲ್ಲಿ ಅವರು ಮೆಲ್ಲಗೆ ಏನೋ ಅಂದರೆ ಆ ಕೊನೆಯಲ್ಲಿದ್ದವರು ಓಡಿ ಬರುತ್ತಿದ್ದರು.

ನಾನು ಬೇಳೆ ಮಿಲ್ಲಿನಲ್ಲಿ ಮೋಟಾರು, ಬೆಲ್ಟು ನೋಡಿಕೊಳ್ಳುವವನು. ಊರು ಕಮಲಾಪುರ. ಮನೆಯಲ್ಲಿ ಕೆಂಪು ಬಾಳೆಯ ತೋಟವಿದೆ. ಉಸ್ತಾದ ಹೋಟೆಲ್ಲಿಗೆ ಬೇಳೆ ಒಯ್ಯಲು ಮಿಲ್ಲಿಗೆ ಬರುತ್ತಿದ್ದರು. ಒಮ್ಮೆ ಬೇಳೆ ಕಟ್ಟಿಸಿಕೊಂಡ ಮೇಲೂ ಹೋಗದೆ, ಲಾರಿಗೆ ಚೀಲ ಹೇರುತ್ತಿದ್ದ ಹಮಾಲರನ್ನೇ ನೋಡುತ್ತ ನಿಂತರು. ಹಮಾಲರಲ್ಲಿ ಹಿರಿಯನಾದ ಮಲ್ಲಣ್ಣನಿಗೆ ಸಿಟ್ಟು ಬಂತು.

"ಏನ್ ನೋಡಾಕತ್ತೀರಿ ಸಾಹೇಬ್ರ?"

"ನಿನ್ನ ಕುತ್ತಿಗಿ ನೋಡಾಕತ್ತೀನಿ. ಎಲ್ಲಿ ಸಿಕ್ತು ಇದು?"

"ನಮ್ಮವ್ವ ಕೊಟ್ಟದ್ದರಿ. ಮಾರೂದಿಲ್ಲ."

"ಮಾರಬ್ಯಾಡ ಮಿಯಾ. ಐತವಾರ ಒಂದ್ ತಾಸು ಬಾಡಗಿ ಕೊಡು."

ನಮ್ಮ ಕ್ಲಬ್ಬು ಹುಟ್ಟಿದ್ದು ಆ ಮಾತಿನಿಂದ. ತಳ್ಳುವವರು ಮಿಲ್ಲಿನ ಹಮಾಲರು. ಓಡುವವರು ಕಮಲಾಪುರದ ತೋಟಗಳ ಹುಡುಗರು. ಉಳಿದ ಜಾಗಕ್ಕೆ ಮೋಮಿನಪುರದವರು. ನಾನು ಕಮಲಾಪುರದವನಾದರೂ ಓಡುವವನಲ್ಲ. ಉಸ್ತಾದ ನನ್ನ ಹೆಗಲು ಮುಟ್ಟಿ ನೋಡಿ, "ಈ ಬಾಳಿಹಣ್ಣು ನಡಬರಕ ಇರ್ಲಿ" ಅಂದರು. ಅಂದಿನಿಂದ ನನ್ನ ಹೆಸರು ಬಾಳಿಹಣ್ಣು.

ನಡುವೆ ಅಂದರೆ ಎಲ್ಲಿ ಎಂದು ಹೇಳಬೇಕು. ರಗ್ಬಿಯಲ್ಲಿ ಎರಡೂ ಕಡೆಯ ಎಂಟೆಂಟು ಜನ ಒಬ್ಬರ ಮೈಗೊಬ್ಬರು ಕೈ ಹಾಕಿ, ತಲೆ ಬಗ್ಗಿಸಿ, ಎದುರು ಬದುರಾಗಿ ತಳ್ಳುತ್ತಾರೆ. ನಮ್ಮ ಹಮಾಲರು ಅದನ್ನು ಗಂಟು ಅನ್ನುತ್ತಾರೆ. ಗಂಟಿನ ಮುಂದಿನ ಸಾಲಿನಲ್ಲಿ ಮೂವರು. ನಾನು ನಡುವೆ. ನನ್ನ ಬಲಕ್ಕೆ ಮಲ್ಲಣ್ಣ. ಎಡಕ್ಕೆ ಒಬ್ಬ ತಯಾರಾಗುವ ತನಕ, ಮೊದಲ ಎರಡು ವರ್ಷ, ಉಸ್ತಾದರೇ ನಿಂತರು. ಅವರ ಬಲಗಿವಿಗೆ ನನ್ನ ಎಡಗಿವಿ ಒತ್ತಿಕೊಂಡಿರುತ್ತಿತ್ತು. ಅವರ ಉಸಿರಿನಲ್ಲಿ ಲವಂಗದ ವಾಸನೆ ಇರುತ್ತಿತ್ತು. ಒಬ್ಬ ಮನುಷ್ಯನನ್ನು ನಾನು ಅಷ್ಟು ಹತ್ತಿರದಿಂದ ಬೇರೆಲ್ಲಿಯೂ ಕಂಡಿಲ್ಲ. ಹಾಗಿದ್ದೂ ಆ ಹೊತ್ತಿನಲ್ಲಿ ಅವರ ಮುಖ ನನಗೆ ಕಾಣುತ್ತಿರಲಿಲ್ಲ.

ಆಡಿದ ಮೇಲೆ ಶೆಡ್ಡಿನ ನೆರಳಿನಲ್ಲಿ ಕೂತು ಅವರು ಆ ಊರಿನ ಕತೆ ಹೇಳುತ್ತಿದ್ದರು. ಸ್ಕಾಟ್ಲೆಂಡ್ ಎಂದರೆ ನಮಗೆ ಗೊತ್ತಿದ್ದದ್ದು ಅದೊಂದೇ ಊರು, ಅದೊಂದೇ ಕ್ಲಬ್ಬು. ಅದು ಹುಟ್ಟಿದ್ದು ಬಹಳ ಹಿಂದೆ. ಅಲ್ಲಿ ಒಂದು ಹೊಳೆ, ಹೊಳೆಯ ದಂಡೆಗೆ ಉಣ್ಣೆಯ ಮಿಲ್ಲು. ಮಿಲ್ಲಿನಲ್ಲಿ ಬಣ್ಣ ಹಾಕುವವನೊಬ್ಬ ಈ ಆಟವನ್ನು ಎಲ್ಲಿಂದಲೋ ಕಲಿತು ಬಂದ. ಅವನ ಕೈ ಮೊಣಕೈತನಕ ನೀಲಿಯಾಗಿದ್ದವಂತೆ, ತೊಳೆದರೂ ಹೋಗುತ್ತಿರಲಿಲ್ಲವಂತೆ. ಕುರಿ ಮೇಯುವ ಹೊಲದಲ್ಲಿ ಆಟ. ಆಡುವ ಮೊದಲು ಎಲ್ಲರೂ ಬಗ್ಗಿ ಹಿಕ್ಕೆ ಆರಿಸಬೇಕು. ಮಿಲ್ಲಿನವರಿಗೂ ಪಕ್ಕದ ಹಳ್ಳಿಯ ರೈತರಿಗೂ ಆಗುತ್ತಿರಲಿಲ್ಲ. ಅವರು ಎರಡು ಕಡೆ ನಿಂತು ಹೊಡೆದಾಡುವ ಬದಲು ಒಂದೇ ಕಡೆ ನಿಂತು ತಳ್ಳಲಿ ಎಂದು ಒಂದೇ ಕ್ಲಬ್ಬು ಮಾಡಿದರು. ಮಿಲ್ಲಿನಲ್ಲಿ ಯಾವ ಬಣ್ಣ ಉಳಿದಿತ್ತೋ ಅದೇ ಅಂಗಿಯ ಬಣ್ಣ. ಮೊದಲ ವರ್ಷ ಒಂದು ಆಟವನ್ನೂ ಗೆಲ್ಲಲಿಲ್ಲ.

"ನಮ್ಮಂಗ," ಅಂದ ಮಲ್ಲಣ್ಣ.

"ನಿಮ್ಮಂಗ ಅಲ್ಲ ಮಿಯಾ. ಅವರು ಸೋತ್ರ ಸುಮ್ನ ಮನಿಗ್ ಹೋಗ್ತಿದ್ರು. ನೀವು ಸೋತ್ರ ನಂದೊಂದು ದೇಗ್ಚಾ ಅನ್ನ ಖಾಲಿ ಮಾಡಿ ಹೋಗ್ತೀರಿ."

ನಮ್ಮ ಅಂಗಿಯ ಬಣ್ಣವನ್ನೂ ಅವರು ಹಾಗೆಯೇ ಆರಿಸಿದ್ದರು. ಮೋಮಿನಪುರದಲ್ಲಿ ಬಟ್ಟೆಗೆ ಬಣ್ಣ ಹಾಕುವವರ ಹತ್ತಿರ ನಮ್ಮ ತೋಟದ ಒಂದು ಬಾಳೆಹಣ್ಣು ಒಯ್ದು, ಇದರ ಸಿಪ್ಪೆಯ ಬಣ್ಣ ಬರಬೇಕು ಎಂದು ಕೂತು ಮಾಡಿಸಿದರು. ಮೊದಲ ಒಗೆತಕ್ಕೆ ಅದು ಒಣಗಿದ ರಕ್ತದ ಬಣ್ಣಕ್ಕೆ ತಿರುಗಿತು.

ಆ ಊರಿನ ಕತೆಯಲ್ಲಿ ಮುಂದಿನದನ್ನು ಅವರು ಒಮ್ಮೆ ಮಾತ್ರ ಹೇಳಿದರು. ಎರಡನೆಯ ವರ್ಷ ಚಳಿಗಾಲದಲ್ಲಿ ಗಂಟು ಕುಸಿಯಿತು. ಮಿಲ್ಲಿನ ಒಬ್ಬ ಹುಡುಗನ ತಲೆ ನೆಲಕ್ಕೆ ಬಡಿಯಿತು. ಅವನು ಎದ್ದ, ನಕ್ಕ, ಆಟ ಮುಗಿಸಿದ, ನಡೆದು ಮನೆಗೆ ಹೋಗಿ ಊಟ ಮಾಡಿ ಮಲಗಿದ. ಬೆಳಗ್ಗೆ ಏಳಲಿಲ್ಲ. ಮಿಲ್ಲಿನ ಹೆಂಗಸರು ಹೊಲದ ಗೇಟಿಗೆ ಅಡ್ಡ ನಿಂತು ಯಾರನ್ನೂ ಒಳಗೆ ಬಿಡಲಿಲ್ಲ. ಆ ಚಳಿಗಾಲವೆಲ್ಲ ಆಟ ನಿಂತಿತು. ಮತ್ತೆ ಶುರುವಾಗಿದ್ದು ಆ ಹುಡುಗನ ತಾಯಿ ಬಂದು ಗೇಟು ತೆಗೆದ ಮೇಲೆ. ಅವನು ಕೋಟು ಹಾಕುತ್ತಿದ್ದ ಗೂಟವನ್ನು ಅಲ್ಲಿಯವರು ಇವತ್ತಿಗೂ ಖಾಲಿ ಬಿಡುತ್ತಾರೆ. ಹೊಸಬರು ಬಂದಾಗ ಮೊದಲು ತೋರಿಸುವುದು ಅದನ್ನೇ.

"ಅದಕ್ಕ ಇಲ್ಲೂ ಒಂದು," ಅಂದು ಬಾಗಿಲ ಪಕ್ಕದ ಮೊಳೆ ತೋರಿಸಿದರು. "ಅಂಗಿ ಹಾಕೂ ಮುಂದ ದಿನಾ ಕಣ್ಣಿಗ್ ಬೀಳ್ಬೇಕು."

ಶೆಡ್ಡಿನ ಹಿಂದೆ ಆಡು ಮೇಯಿಸುವ ಭೀಮವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಆ ಜಾಗದ ಮೇಲೆ ಕಣ್ಣಿಡಲು ಮಾಲೀಕರು ಅವಳಿಗೇ ಹೇಳಿದ್ದರು.

"ಅಲ್ಲೋ ಯಪ್ಪಾ, ಅಲ್ಲಿ ಸತ್ತ ಮ್ಯಾಲ ಬಿಟ್ಟಾರ. ಇಲ್ಲಿ ಸಾಯೂ ಮುಂಚೇನ ಮೊಳಿ ಹೊಡದೀರಲ್ಲ, ಯಾರ ಸಲುವಾಗಿ?"

ಎಲ್ಲರೂ ನಕ್ಕರು. ಉಸ್ತಾದ ನಗಲಿಲ್ಲ. ಕಿವಿ ಮುಟ್ಟಿಕೊಂಡರು.

ಅವರ ಭಯಕ್ಕೆ ಕಾರಣವಿತ್ತು. ನಾವು ಆಡುವ ಜಾಗ ಹಿಂದೆ ಯಾರೋ ಲೇಔಟ್ ಮಾಡಲು ಹೊರಟು ಬಿಟ್ಟದ್ದು. ಪ್ಲಾಟಿನ ಗಡಿಗೆಂದು ಸುಣ್ಣ ಬಳಿದು ಹುಗಿದ ಕಲ್ಲುಗಳನ್ನು ಮೊದಲ ತಿಂಗಳು ನಾವೇ ಅಗೆದು ತೆಗೆದೆವು. ಆದರೆ ಅದು ಕರಿ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ, ನಾವು ಕಂಡೇ ಇರದ ಒಂದು ಕಲ್ಲು ಎಲ್ಲಿಂದಲೋ ತಲೆ ಎತ್ತುತ್ತಿತ್ತು. "ಅಲ್ಲಿ ಚಳಿಗಿ ಮಣ್ಣ ಕಲ್ಲಾಗ್ತಿತ್ತು. ಇಲ್ಲಿ ಮಣ್ಣಾಗ ಕಲ್ಲ ಹುಟ್ತಾವ," ಅನ್ನುತ್ತಿದ್ದರು. ಪ್ರತಿ ಐತವಾರ ನಾವು ಬರುವ ಮೊದಲೇ ಬಂದು, ಬರಿಗಾಲಲ್ಲಿ, ಬಿತ್ತುವವರ ಹಾಗೆ ಸಾಲು ಹಿಡಿದು ಇಡೀ ಮೈದಾನ ನಡೆಯುತ್ತಿದ್ದರು. ಅಂಗಾಲಿಗೆ ಗಟ್ಟಿ ಹತ್ತಿದರೆ ಅಲ್ಲೇ ಕೂತು ಬೆರಳಿನಿಂದ ಕೆದರುತ್ತಿದ್ದರು. ದೂರದಿಂದ ನೋಡಿದರೆ ಏನನ್ನೋ ಕಳೆದುಕೊಂಡು ಹುಡುಕುವವರ ಹಾಗೆ ಕಾಣುತ್ತಿತ್ತು.

ತಲೆಗೆ ಪೆಟ್ಟು ಬಿದ್ದವರನ್ನು ಅವರು ಪರೀಕ್ಷೆ ಮಾಡುವ ರೀತಿಯೇ ಬೇರೆ. ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಿರಲಿಲ್ಲ. ವಾರ ಯಾವುದು ಎಂದು ಕೇಳುತ್ತಿರಲಿಲ್ಲ. ಎದುರಿಗೆ ಮೊಣಕಾಲೂರಿ ಕೂತು, ಕಣ್ಣಿನಲ್ಲಿ ಕಣ್ಣಿಟ್ಟು ಒಂದೇ ಕೇಳುತ್ತಿದ್ದರು: "ಮುಂಜಾನಿ ಏನ್ ತಿಂದಿ?" ಅಡುಗೆಯವರಲ್ಲವೇ, ಅವರಿಗೆ ಹೊಳೆದದ್ದು ಅದು. ಆ ಊರಿನಲ್ಲೂ ಹಾಗೆ ಕೇಳುತ್ತಿದ್ದರೇ ಎಂದರೆ, "ಇಲ್ಲ, ಅಲ್ಲಿ ಬ್ಯಾರೆ ಕೇಳ್ತಾರ. ಇದು ನಂದು" ಅಂದಿದ್ದರು, ಸ್ವಲ್ಪ ಹೆಮ್ಮೆಯಿಂದ.

ಒಮ್ಮೆ ಮಲ್ಲಣ್ಣನ ಹಣೆಗೆ ಯಾರದೋ ಮೊಣಕಾಲು ಬಡಿಯಿತು.

"ಮುಂಜಾನಿ ಏನ್ ತಿಂದಿ ಮಲ್ಲಣ್ಣಾ?"

"ರೊಟ್ಟಿ."

"ಅದರ ಕೂಡ?"

ಮಲ್ಲಣ್ಣ ಬಾಯಿ ತೆರೆದ. ಆಕಾಶ ನೋಡಿದ, ನನ್ನ ಮುಖ ನೋಡಿದ.

"ಹೋಗಿ ಕೂಡು."

"ಅಯ್ಯ, ರೊಟ್ಟಿ ಅಂತ ಹೇಳಿದೆನಲ್ಲರಿ ಉಸ್ತಾದ!"

"ರೊಟ್ಟಿ ನೀ ದಿನಾ ತಿಂತಿ. ಅದನ್ನ ನಿನ್ನ ಬಾಯಿ ಹೇಳ್ತದ. ಪಲ್ಯಾ ತಲಿ ಹೇಳ್ಬೇಕು. ಕೂಡು."

ಮಲ್ಲಣ್ಣ ಬೈಯುತ್ತ ಹೋಗಿ ಕೂತ. ಸಂಜೆ ವಾಂತಿ ಮಾಡಿಕೊಂಡ. ಅಂದಿನಿಂದ ಆ ಪ್ರಶ್ನೆಗೆ ಯಾರೂ ಎದುರಾಡಲಿಲ್ಲ.

ಹೋದ ವರ್ಷ ಮಳೆ ಮುಗಿದ ಮೇಲೆ ಬೀದರ ಕಡೆಯ ತಂಡವೊಂದು ಆಡಲು ಬರುವುದೆಂದಾಯಿತು. ಬಂದವರಿಗೆ ಆಟ ಮುಗಿದ ಮೇಲೆ ಊಟ ಹಾಕಿ ಕಳಿಸಬೇಕು. ಇದೂ ಅವರು ಆ ಊರಿನಿಂದ ತಂದ ಪದ್ಧತಿ. ತಳ್ಳಾಡಿದವರು ಎದುರು ಕೂತು ಉಣ್ಣದಿದ್ದರೆ ಅದು ಆಟ ಅಲ್ಲ, ಬರೀ ಜಗಳ ಅನ್ನುತ್ತಿದ್ದರು. ಅವತ್ತು ಅವರು ಬೆಳಗಿನಿಂದ ತಹಾರಿ ಅನ್ನ, ಅದಕ್ಕೆ ಕಲಸಿಕೊಳ್ಳುವ ಬೇಳೆಯ ದಾಲ್ಚಾ ಮಾಡಿ, ದೊಡ್ಡ ದೇಗ್ಚಾಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಕೋಟನೂರಿಗೆ ಬರುವಷ್ಟರಲ್ಲಿ ಬೀದರದವರು ಬಂದು ನಿಂತಿದ್ದರು. ಬರಿಗಾಲಲ್ಲಿ ನಡೆಯಲು ಹೊತ್ತಿರಲಿಲ್ಲ. ನಾವೇ ಒಂದು ಸುತ್ತು ಹಾಕಿದೆವು, ಬೂಟು ಹಾಕಿಕೊಂಡು. ಬೂಟಿನ ತಳಕ್ಕೆ ಏನೂ ಹತ್ತಲಿಲ್ಲ.

ಗಂಟಿನಲ್ಲಿ ನನ್ನ ಎಡಕ್ಕೆ ನಿಲ್ಲುವವನು ತಂಗಿಯ ಮದುವೆಗೆ ಹೋಗಿದ್ದ. ಮುಂದಿನ ಸಾಲಿಗೆ ಕಲಿತವರು ಇಲ್ಲದಿದ್ದರೆ ತಳ್ಳದೆ ಸುಮ್ಮನೆ ಒರಗಿ ಆಡಬಹುದು. ಆಟದಲ್ಲಿ ಅದಕ್ಕೆ ಅವಕಾಶವಿದೆ. ಮಲ್ಲಣ್ಣ ಒಪ್ಪಲಿಲ್ಲ.

"ತಳ್ಳೂದಿಲ್ಲಂದ್ರ ನಾವ್ ಯಾಕ ಬರ್ಬೇಕು? ಮಿಲ್ಲಿನ್ಯಾಗ ಚೀಲರೆ ಹೊತ್ರ ಆಗ್ತಿತ್ತು."

ಉಸ್ತಾದ ಬಹಳ ಹೊತ್ತು ಕಿವಿ ಮುಟ್ಟಿಕೊಂಡು ನಿಂತರು. ಐವತ್ತು ದಾಟಿದ್ದರು. ಎರಡು ವರ್ಷದಿಂದ ಗಂಟಿಗೆ ಇಳಿದಿರಲಿಲ್ಲ. ಆಮೇಲೆ ಕುರ್ತಾ ತೆಗೆದು ಬಾಳೆಹಣ್ಣಿನ ಬಣ್ಣದ ಅಂಗಿ ಹಾಕಿಕೊಂಡರು. ಕುರ್ತಾ ತೂಗುಹಾಕಲು ಹಲಗೆಯಲ್ಲಿ ಮೊಳೆ ಉಳಿದಿರಲಿಲ್ಲ. ಬಾಗಿಲ ಪಕ್ಕದ್ದು ಮಾತ್ರ ಖಾಲಿ. ಅವರು ಅದರತ್ತ ನೋಡದೆ ಕುರ್ತಾ ಮಡಚಿ ದೇಗ್ಚಾದ ಮುಚ್ಚಳದ ಮೇಲೆ ಇಟ್ಟರು.

ಆಟದ ಮೊದಲರ್ಧದಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಒಂದು ಗಂಟು ಒಮ್ಮೆಲೇ ಎಡಕ್ಕೆ ತಿರುಗಿ ಕುಸಿಯಿತು. ನನ್ನ ಕೈ ಅವರ ಬೆನ್ನಿನ ಮೇಲಿತ್ತು, ಅವರ ಕೈ ನನ್ನ ಬೆನ್ನಿನ ಮೇಲೆ. ಇಬ್ಬರೂ ಕೂಡಿಯೇ ಬಿದ್ದೆವು. ನನ್ನ ಕಿವಿ ಅವರ ಕಿವಿಗೆ ಒತ್ತಿತ್ತು. ಒಂದು ಸದ್ದಾಯಿತು. ಹೊರಗೆ ನಿಂತವರಾರಿಗೂ ಅದು ಕೇಳಿಲ್ಲ. ನನಗೆ ಅದು ನನ್ನದೇ ತಲೆಯೊಳಗೆ ಆದ ಹಾಗಿತ್ತು.

ಎಲ್ಲರೂ ಎದ್ದರು. ಅವರೂ ಎದ್ದರು. ಅವರ ತಲೆ ಇದ್ದ ಜಾಗದಲ್ಲಿ ಮಣ್ಣು ಸರಿದು, ಅಂಗೈಯಗಲ ಸುಣ್ಣದ ಬಿಳುಪು ಕಾಣುತ್ತಿತ್ತು. ಪ್ಲಾಟಿನ ಕಲ್ಲು.

ಕೇಳುವವರಿಗೇ ಪೆಟ್ಟು ಬಿದ್ದರೆ ಯಾರು ಕೇಳಬೇಕು ಎಂದು ನಾವು ಯಾವತ್ತೂ ಮಾತಾಡಿರಲಿಲ್ಲ. ನಾನೇ ಅವರ ಎದುರಿಗೆ ಮೊಣಕಾಲೂರಿದೆ.

"ಉಸ್ತಾದ, ಮುಂಜಾನಿ ಏನ್ ತಿಂದೀರಿ?"

"ಖಿಚಡಿ," ಅಂದರು, ತಡವಿಲ್ಲದೆ.

"ಅದರ ಕೂಡ?"

"ಖಟ್ಟಾ. ಮತ್ತೇನ್ ಬಾಳಿಹಣ್ಣಾ, ನಿಮ್ಮವ್ವ ಹೋಳಗಿ ಕಳ್ಸಿದ್ಳೇನು?"

ಬೀದರದವರೂ ನಕ್ಕರು. ನನ್ನ ಎದೆ ಹಗುರಾಯಿತು. ಅವರು ಹೊರಗೆ ಹೋಗಿ ಕೂರಲಿಲ್ಲ. ಆಟ ಮುಗಿಯುವವರೆಗೂ ನನ್ನ ಎಡಕ್ಕೇ ಇದ್ದರು.

ಊಟದ ಹೊತ್ತಿಗೆ ದಾಲ್ಚಾ ಮತ್ತೆ ಬಿಸಿ ಮಾಡಿ ಉಪ್ಪು ಹಾಕಿದರು. ಯಾರೋ ಏನೋ ಕೇಳಿದ್ದಕ್ಕೆ ಉತ್ತರ ಕೊಟ್ಟು, ತಿರುಗಿ ಮತ್ತೆ ಹಾಕಿದರು. ಮೊದಲ ತುತ್ತಿಗೇ ಬೀದರದ ಹುಡುಗನೊಬ್ಬ ಕೆಮ್ಮಿದ.

"ಉಪ್ಪಿನ ಗೋದಾಮು ನಿಮ್ದೇ ಏನ್ರಿ ಉಸ್ತಾದ?"

ಅವರು ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದರು. "ಬರೋಬರ್ ಅದ," ಅಂದರು. ಎಲ್ಲರೂ ಮತ್ತೆ ನಕ್ಕರು. ನಾನು ನೋಡುತ್ತಿದ್ದೆ. ಅವರು ಇನ್ನೊಮ್ಮೆ ನೆಕ್ಕಿದರು. ಆಮೇಲೆ ಇನ್ನೊಮ್ಮೆ. ಏನೋ ನೆನಪು ಮಾಡಿಕೊಳ್ಳುವವರ ಹಾಗೆ.

ಅವರನ್ನು ನನ್ನ ಗಾಡಿಯಲ್ಲೇ ಮೋಮಿನಪುರಕ್ಕೆ ಬಿಟ್ಟೆ. ದವಾಖಾನೆಗೆ ಹೋಗೋಣ ಎಂದರೆ, "ನಿದ್ದಿ ಬಾಕಿ ಅದ ಅಷ್ಟೇ" ಅಂದರು. ಮರುದಿನ ಬೆಳಗ್ಗೆ ಹೋಟೆಲ್ಲಿನ ಒಲೆಯ ಮುಂದೆ ನಿಂತವರು ನಿಂತಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ತಲೆಯೊಳಗೆ ರಕ್ತ ನಿಧಾನಕ್ಕೆ ಸೋರಿತ್ತು ಎಂದರು ಡಾಕ್ಟರು. ಕಬರಸ್ತಾನಕ್ಕೆ ಹಮಾಲರು ಹೆಗಲು ಕೊಟ್ಟರು.

ಆಮೇಲೆ ಯಾರೂ ಆಡಲಿಲ್ಲ. ಆದರೂ ಐತವಾರ ಬಂದರೆ ಕೋಟನೂರಿಗೆ ಹೋಗಿ ಶೆಡ್ಡಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದೆವು. ಭೀಮವ್ವ ಒಳಗೆ ಕಾಲಿಡುತ್ತಿರಲಿಲ್ಲ. "ಆ ಮೊಳಿ ಕಿತ್ತ್ ಒಗೀರಿ, ಇನ್ನೊಬ್ಬರನ್ನ ಕರೀತದ," ಅಂತ ಹೊರಗಿನಿಂದಲೇ ಕೂಗುತ್ತಿದ್ದಳು. ಒಂದು ದಿನ ಮಲ್ಲಣ್ಣ ಇಕ್ಕಳ ತಂದೇಬಿಟ್ಟ. ಮೊಳೆಗೆ ಇಕ್ಕಳ ಹಚ್ಚಿ ನಿಂತಿದ್ದಾಗ ಹೊರಗೆ ಆಟೋ ನಿಂತ ಸದ್ದಾಯಿತು.

ಬಂದವರು ಉಸ್ತಾದರ ಅಕ್ಕ. ನಾವು ಆಪಾ ಅನ್ನುತ್ತೇವೆ. ಗಂಡನನ್ನು ಕಳೆದುಕೊಂಡ ಮೇಲೆ ತಮ್ಮನ ಜೊತೆಗೇ ಇದ್ದವರು. ಶೆಡ್ಡಿನಲ್ಲೇ ಉಳಿದಿದ್ದ ದೇಗ್ಚಾ, ಸೌಟು ಒಯ್ಯಲು ಬಂದಿದ್ದರು. ಒಳಗೆ ಬಂದು ಮಲ್ಲಣ್ಣನ ಕೈಯಲ್ಲಿನ ಇಕ್ಕಳ ನೋಡಿದರು, ಮೊಳೆ ನೋಡಿದರು. ದೇಗ್ಚಾದ ಅಂಚು ಹಿಡಿದು ಕೂತರು.

"ಬಿದ್ದ ಮ್ಯಾಲ ಏನಂದ ಅಂವ?" ಎಂದು ನನ್ನನ್ನು ಕೇಳಿದರು.

"ಎಲ್ಲಾ ಬರೋಬರ್ ಹೇಳಿದ್ರು ಆಪಾ. ಮುಂಜಾನಿ ಏನ್ ತಿಂದೀರಿ ಅಂದೆ. ಖಿಚಡಿ, ಖಟ್ಟಾ ಅಂದ್ರು."

ಆಪಾ ತಲೆ ಎತ್ತಿದರು.

"ಖಿಚಡಿ?"

"ಹೌದ್ರಿ."

"ಅವತ್ತ ಖಿಚಡಿ ಮಾಡೇ ಇಲ್ಲಲ್ಲ," ಅಂದರು ಮೆಲ್ಲಗೆ. "ಒಲಿ ಮ್ಯಾಲೆಲ್ಲ ನಿಮ್ಮ ತಹಾರಿ ಇತ್ತು. ಛಾದಾಗ ಒಂದ್ ಬನ್ ಅದ್ದಿ ಕೊಟ್ಟೆ. ನಿಂತು ತಿಂದು ಓಡಿದ."

ಊರಿಗೆ ಬಂದಾಗಿನಿಂದ ಅವರು ದಿನವೂ ತಿನ್ನುತ್ತಿದ್ದದ್ದು ಖಿಚಡಿ, ಅದರ ಜೊತೆಗೆ ಹುಣಸೆಹುಳಿಯ ಖಟ್ಟಾ. ಹೇಳಿದ್ದು ಬಾಯಿ, ತಲೆಯಲ್ಲ. ಎದುರಿಗೆ ಕೂತಿದ್ದ ನನಗೆ ಸರಿ ಉತ್ತರ ಗೊತ್ತಿರಲಿಲ್ಲ.

"ನನಗ ಒಂದ್ ಫೋನ್ ಹಚ್ಚಿ ಕೇಳಿದ್ರ ಹೇಳ್ತಿದ್ದೆ ಬೇಟಾ," ಅಂದರು ಆಪಾ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಮಲ್ಲಣ್ಣ ಇಕ್ಕಳ ಕೆಳಗಿಟ್ಟ. "ಆಪಾ, ಇನ್ನ್ ಮ್ಯಾಲ ನಾವು ಆಡೂದಿಲ್ಲರಿ. ಕ್ಲಬ್ ಬಂದ್ ಮಾಡ್ತೀವಿ."

ಆಪಾ ಎದ್ದು ದೇಗ್ಚಾದೊಳಗಿನ ಧೂಳನ್ನು ಸೆರಗಿನಿಂದ ಒರೆಸಿದರು. "ನೀವು ಬಂದ್ ಮಾಡೂದಿದ್ರ ಈ ದೇಗ್ಚಾ ನಾ ಒಯ್ತೀನಿ. ಅಷ್ಟ್ ದೊಡ್ಡದು ನನಗೊಬ್ಬಾಕಿಗಿ ಬ್ಯಾಡ. ನೀವೇ ಹೇಳ್ರಿ."

ನಮ್ಮೆಲ್ಲರ ಮುಖ ಒಮ್ಮೆ ನೋಡಿದರು. ಆಮೇಲೆ ಸೌಟು ಮಾತ್ರ ತೆಗೆದುಕೊಂಡು ಆಟೋ ಹತ್ತಿದರು.

ದೇಗ್ಚಾ ಶೆಡ್ಡಿನಲ್ಲೇ ಇದೆ. ಮೊಳೆಯೂ ಇದೆ. ಅದು ಯಾರ ಸಲುವಾಗಿ ಎಂದು ಭೀಮವ್ವ ಈಗ ಕೇಳುವುದಿಲ್ಲ. ಬೇಸಿಗೆ ಕಳೆದ ಮೇಲೆ ಮತ್ತೆ ಆಡಲು ಶುರು ಮಾಡಿದೆವು. ಈಗ ಬರಿಗಾಲಲ್ಲಿ ಎಲ್ಲರೂ ನಡೆಯುತ್ತೇವೆ, ಸಾಲು ಹಿಡಿದು, ಯಾರೂ ಮಾತಾಡದೆ. ಮೊನ್ನೆ ಮಳೆಯಾದ ಮೇಲೆ ಇನ್ನೊಂದು ಕಲ್ಲು ಸಿಕ್ಕಿತು. ಎಷ್ಟು ಉಳಿದಿವೆಯೋ ಗೊತ್ತಿಲ್ಲ.

ಅಂಗಿ ಹಾಕುವ ಮೊದಲು ಪ್ರತಿಯೊಬ್ಬನೂ ಪಕ್ಕದವನ ಕಿವಿಯಲ್ಲಿ ಬೆಳಗ್ಗೆ ತಿಂದದ್ದನ್ನು ಹೇಳುತ್ತಾನೆ. ಪೆಟ್ಟು ಬಿದ್ದರೆ ಆ ಪಕ್ಕದವನೇ ಕೇಳಬೇಕು. ರೊಟ್ಟಿ, ಪುಂಡಿಪಲ್ಯ ಅನ್ನುತ್ತಾನೆ ಮಲ್ಲಣ್ಣ. ಮಂಡಕ್ಕಿ ಸುಸಲಾ ಅನ್ನುತ್ತಾನೆ ಇನ್ನೊಬ್ಬ. ಮೋಮಿನಪುರದ ಹುಡುಗರ ಮನೆಗಳಲ್ಲಿ ಐತವಾರವೂ ಖಿಚಡಿಯೇ ಆಗಿರುತ್ತದೆ. ಅವರು ಅದನ್ನು ಬಿಟ್ಟು, ದಾರಿಯಲ್ಲಿ ಎಲ್ಲಾದರೂ ಬೇರೆ ಏನಾದರೂ ತಿಂದು ಬರುತ್ತಾರೆ. ಹಾಗೆ ಮಾಡಿ ಎಂದು ಯಾರೂ ಅವರಿಗೆ ಹೇಳಿಲ್ಲ.